ಟೀಚರ್ ಮನೆಯ ಹೆಪ್ಪು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಮೊದಲು ಹೋಗಿದ್ದು ಅಡುಗೆಮನೆಗೆ. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು. ಮಲಗಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಗೋಡೆ ಹಿಡಿದುಕೊಂಡು ಹೋಗಿ ಫ್ರಿಜ್ ತೆಗೆದೆ. ಮೊಸರಿನ ಪಾತ್ರೆ ಅದರ ಜಾಗದಲ್ಲಿರಲಿಲ್ಲ. ತಿರುಗಿ ನೋಡಿದರೆ ಪಾತ್ರೆ ಸ್ಟ್ಯಾಂಡಿನಲ್ಲಿ ಬೋರಲಾಗಿ ಕೂತು ಫಳಫಳ ಹೊಳೆಯುತ್ತಿತ್ತು. ಎತ್ತಿ ಮೂಸಿದೆ. ನಿಂಬೆಹಣ್ಣಿನ ಸೋಪಿನ ವಾಸನೆ.

"ಹುಳಿ ವಾಸನೆ ಬರ್ತಿತ್ತು ಕಣೇ. ಕೆಟ್ಟೋಗಿದೆ ಅಂತ ಚೆಲ್ಲಿ ಚೆನ್ನಾಗಿ ಉಜ್ಜಿಟ್ಟಿದ್ದೀನಿ. ಪ್ಯಾಕೆಟ್ ಮೊಸರು ತಂದಿದ್ದೀನಿ ನೋಡು" ಎಂದರು ನಮ್ಮ ಯಜಮಾನರು. ಮುಖದಲ್ಲಿ ಶಹಬ್ಬಾಸ್‌ಗಿರಿಯ ನಿರೀಕ್ಷೆ ಬೇರೆ. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಮನುಷ್ಯ, ನಾನಿಲ್ಲದಾಗ ತೊಳೆಯಲು ಆರಿಸಿಕೊಂಡಿದ್ದು ಈ ಪಾತ್ರೆಯನ್ನೇ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಪಾಪ, ಹೊಲಿಗೆ ನೋಯುತ್ತಿದೆ ಎಂದುಕೊಂಡು ಮಾತ್ರೆ ತಂದುಕೊಟ್ಟರು.

ಮೊಸರಿಗೆ ಅಳುವವಳನ್ನು ನೋಡಿದರೆ ಯಾರಿಗಾದರೂ ನಗು ಬಂದೀತು. ಆದರೆ ಆ ಪಾತ್ರೆಯ ತಳದಲ್ಲಿ ನಾನು ಮುಂದಿನ ಹೆಪ್ಪಿಗೆಂದು ಉಳಿಸಿಟ್ಟಿದ್ದ ಮೊಸರು ನನ್ನದಲ್ಲ. ಅದು ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರದು. ಅವರಿಂದ ಎರವಲು ತಂದದ್ದು. ಎರವಲು ಎನ್ನುವ ಮಾತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವರೂ ಅವರೇ...

ನಾವಾಗ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪನಿಗೆ ಶಿಫ್ಟ್ ಕೆಲಸ. ಸಾಲುಮನೆಗಳು, ಎರಡು ಮನೆಗೆ ಒಂದೇ ನಡುಗೋಡೆ. ನಮ್ಮ ಒಗ್ಗರಣೆ ಸಿಡಿದರೆ ಅವರ ಮನೆಯವರು ಸೀನುತ್ತಿದ್ದರು. ಎದುರು ಮನೆಯವರದು ತೆಲುಗು, ಮೂಲೆಮನೆಯ ಚಾಚಿಯದು ಉರ್ದು, ಟೀಚರ ಮನೆಯಲ್ಲಿ ತಮಿಳು. ಬಾಗಿಲಾಚೆ ಎಲ್ಲರದೂ ಕನ್ನಡವೇ, ಅವರವರ ರಾಗದಲ್ಲಿ. ಟೀಚರ ಯಜಮಾನರೂ ಅಪ್ಪನ ಕಾರ್ಖಾನೆಯಲ್ಲೇ ಇದ್ದರು. ಮಾತು ಕಡಿಮೆ, ರೇಡಿಯೋ ಜಾಸ್ತಿ. ಮಕ್ಕಳಿರಲಿಲ್ಲ. ಟೀಚರ್ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಸಾಲಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಕುಳ್ಳಗೆ, ತೆಳ್ಳಗೆ ಇದ್ದರು. ಇಸ್ತ್ರಿಯಿಲ್ಲದ ಸೀರೆ ಉಟ್ಟಿದ್ದನ್ನು ನಾನು ನೋಡಿಲ್ಲ. ಅವರಿಗೆ ಒಂದು ಹಟವಿತ್ತು. ಏನೇ ಆದರೂ ಬೇರೆ ಮನೆಯ ಬಾಗಿಲಿಗೆ ಹೋಗಿ ಏನನ್ನೂ ಕೇಳುತ್ತಿರಲಿಲ್ಲ. ಸಕ್ಕರೆ ಮುಗಿದರೆ ಸಪ್ಪೆ ಕಾಫಿ ಕುಡಿಯುವವರು. ನಮ್ಮಮ್ಮ ಇದಕ್ಕೆ ವಿರುದ್ಧ. ಅವಳ ಬಟ್ಟಲು ಸಾಲಿನ ಎಲ್ಲ ಮನೆಗಳನ್ನೂ ಸುತ್ತಿ ಬರುತ್ತಿತ್ತು. ನಾವು ಆ ಮನೆಗೆ ಬಂದ ದಿನವೇ, ಸಾಮಾನು ಇನ್ನೂ ಬಿಚ್ಚಿರಲಿಲ್ಲವಂತೆ, ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಟೀಚರ ಬಾಗಿಲು ತಟ್ಟಿ ಒಂದು ಚಮಚ ಹೆಪ್ಪು ಕೇಳಿದ್ದಳಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಮನೆಯ ಮೊಸರೇ. ಅದು ಬೇರೆಯವರ ಮನೆಯ ಮೊಸರಿನಂತಿರಲಿಲ್ಲ. ಗಟ್ಟಿ, ಎರಡನೆಯ ದಿನಕ್ಕೂ ಹುಳಿಯಾಗುತ್ತಿರಲಿಲ್ಲ, ತಿಂದ ಮೇಲೆ ನಾಲಿಗೆಯ ತುದಿಯಲ್ಲಿ ಒಂದು ಸಣ್ಣ ಸಿಹಿ ಉಳಿಯುತ್ತಿತ್ತು.

ಟೀಚರ ಪಾಠದಲ್ಲಿ ಪದಕ್ಕೆ ಅರ್ಥ ಬರೆಸುವ ಪದ್ಧತಿ ಇರಲಿಲ್ಲ. ವರ್ಬ್ ಅಂದರೆ ಮಾಡುವುದು, ಮಾಡಿ ತೋರಿಸಿ ಎನ್ನುತ್ತಿದ್ದರು. ಪುಶ್ ಎಂದರೆ ಎಲ್ಲರೂ ಸೇರಿ ಚಾಚಿಯ ಮನೆಯವರ ಲಡಕಾಸಿ ಸ್ಕೂಟರು ತಳ್ಳಿದೆವು. ಪೀಲ್ ಎಂದರೆ ಕೂತು ಬೆಳ್ಳುಳ್ಳಿ ಸುಲಿದೆವು. ಆ ಸಂಜೆ ಟೀಚರ ಮನೆಯಲ್ಲಿ ರಸಂ ಘಮಘಮ ಎಂದಾಗ ನಮ್ಮಮ್ಮ, "ಮಕ್ಕಳ ಕೈಲಿ ಕೆಲಸ ಮಾಡಿಸ್ಕೊಳ್ಳೋಕೆ ಇಂಗ್ಲಿಷ್ ಅಂತ ಹೆಸ್ರು" ಎಂದು ನಕ್ಕಿದ್ದಳು.

ಒಂದು ಸಂಜೆ ಬಾರೋ ಎನ್ನುವ ವರ್ಬ್ ಬಂತು. ಹುಡುಗರಿಗೆ ನಗುವೋ ನಗು. "ಬಾರೋ, ಬಾರೋ" ಎಂದು ಒಬ್ಬರನ್ನೊಬ್ಬರು ಕರೆದು ಗಲಾಟೆ ಎಬ್ಬಿಸಿದರು. ನಗು ಮುಗಿಯುವವರೆಗೆ ಟೀಚರ್ ಕಾದರು. ಆಮೇಲೆ ತಮ್ಮ ಕನ್ನಡಕ ತೆಗೆದು ನನ್ನ ಕೈಗಿಟ್ಟರು.

"ಈಗ ಇದು ಯಾರ್ದು?"

"ನಿಮ್ದು ಟೀಚರ್."

"ಯಾರ್ ಹತ್ರ ಇದೆ?"

"ನನ್ ಹತ್ರ."

"ಹಾಂ. ಅದೇ ಬಾರೋ ಅಂದ್ರೆ. ವಸ್ತು ನಿನ್ ಹತ್ರ ಇರತ್ತೆ, ಆದ್ರೆ ನಿಂದಲ್ಲ. ವಾಪಸ್ ಕೊಡ್ತೀನಿ ಅಂತ್ಲೇ ತಗೊಂಡಿರ್ತೀಯ. ತಗೊಂಡೋಳು ನೀನು, ನೀನು ಬಾರೋ ಮಾಡಿದೆ. ಕೊಟ್ಟೋಳು ನಾನು, ನಾನು ಲೆಂಡ್ ಮಾಡಿದೆ. ಕನ್ನಡಕ ಒಂದೇ. ಇನ್ನೊಂದು, ಬಾರೋ ಹಿಂದೆ ಫ್ರಮ್ ಇರ್ಲೇಬೇಕು. ಯಾರಿಂದ ತಂದೆ ಅಂತ ಹೇಳ್ಬೇಕು. ಯಾರಿಗೂ ಹೇಳ್ದೆ ತಗೊಂಡ್ರೆ ಅದಕ್ಕೆ ಬೇರೆ ವರ್ಬ್ ಇದೆ, ಪೊಲೀಸ್ ಸ್ಟೇಷನ್ನಲ್ಲಿ ಹೇಳ್ಕೊಡ್ತಾರೆ."

ಆಮೇಲೆ ನಮ್ಮನ್ನು ಸಾಲುಮನೆಗಳಿಗೆ ಅಟ್ಟಿದರು. ಒಬ್ಬೊಬ್ಬರೂ ಒಂದೊಂದು ಮನೆಗೆ ಹೋಗಿ ಇಂಗ್ಲಿಷಿನಲ್ಲೇ ಕೇಳಿ ಏನಾದರೂ ಎರವಲು ತರಬೇಕು. ದೀಪ ಹಚ್ಚುವುದರೊಳಗೆ ವಾಪಸ್ ಕೊಟ್ಟು ಥ್ಯಾಂಕ್ಯೂ ಹೇಳಬೇಕು. ಸಾಲಿನ ತುಂಬ "ಮೇ ಐ ಬಾರೋ" ಶುರುವಾಯಿತು. ತೆಲುಗು ಅತ್ತೆ ಒಬ್ಬ ಹುಡುಗನಿಗೆ ಲಟ್ಟಣಿಗೆ ಕೊಟ್ಟು, "ದೀನ್ನಿ ಮುರಿದ್ರೆ ನಿನ್ ಕಾಲು ಬಾರೋ ಮಾಡ್ತೀನಿ" ಎಂದರಂತೆ. ಚಾಚಿ ಛತ್ರಿ ಕೊಟ್ಟರು. ಸೆಕೆಂಡ್ ಶಿಫ್ಟ್‌ಗೆ ಹೊರಟಿದ್ದ ಯಾರದೋ ಟಿಫನ್ ಕ್ಯಾರಿಯರ್ ಕೂಡ ಕಟ್ಟೆಗೆ ಬಂದು, ಆ ಮನುಷ್ಯ ಅದರ ಹಿಂದೆಯೇ ಓಡಿ ಬಂದಿದ್ದ.

ಒಬ್ಬ ಈರುಳ್ಳಿ ತಂದ. ಟೀಚರ್ ಒಪ್ಪಲಿಲ್ಲ. "ಇದನ್ನ ಹೆಚ್ಚಿ ಹುರಿದ್ರೆ ಮುಗೀತು. ವಾಪಸ್ ಏನ್ ಕೊಡ್ತೀಯ? ಬೇರೆ ಈರುಳ್ಳಿ. ತಿಂದು ಮುಗಿಸೋದನ್ನ ಬಾರೋ ಮಾಡೋಕಾಗಲ್ಲ, ಸುಮ್ನೆ ಕೇಳಿ ಇಸ್ಕೊಳ್ಳೋದು ಅಷ್ಟೇ" ಎಂದರು. ಅಷ್ಟು ಹೊತ್ತಿಗೆ ನಾನು ನಮ್ಮ ಮನೆಯಿಂದಲೇ ಒಂದು ಬಟ್ಟಲಲ್ಲಿ ಒಂದು ಚಮಚ ಮೊಸರು ತಂದು ನಿಂತಿದ್ದೆ. ಅಮ್ಮನ ಬಟ್ಟಲು ಓಡಾಡುವುದನ್ನು ನೋಡಿ ನೋಡಿ, ಎರವಲು ಎಂದ ಕೂಡಲೇ ನನಗೆ ಹೊಳೆದದ್ದು ಹೆಪ್ಪೇ.

"ಹಂಗಾದ್ರೆ ಇದೂ ಆಗಲ್ವಾ ಟೀಚರ್?" ಎಂದೆ.

ಅವರು ಬಟ್ಟಲು ತೆಗೆದುಕೊಂಡು ನೋಡುತ್ತ ಕೂತರು. ಹುಡುಗರು ಗಲಾಟೆ ಮಾಡುತ್ತಿದ್ದರೂ ಗದರಲಿಲ್ಲ. "ಇದಾಗತ್ತೆ ಕಣ್ಣಾ" ಎಂದರು. "ಇದನ್ನ ತಿಂದ್ರೂ ಮುಗಿಯಲ್ಲ. ಒಂದು ಚಮಚ ಉಳಿಸಿದ್ರೆ ನಾಳೆ ಮತ್ತೆ ಅದೇ ಮೊಸರು. ನಿಮ್ಮಮ್ಮ ನನ್ನಿಂದ ತಗೊಂಡು ಹೋಗಿದ್ದು ಇದೇ. ಇನ್ನೂ ಹಾಗೇ ಇದೆ ನೋಡು."

ಆ ಸಂಜೆ ಅವರು ತಮ್ಮ ತಾಯಿಯ ವಿಷಯ ಹೇಳಿದರು. ಅವರ ತಂದೆ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಬಂದಾಗ ತಾಯಿ ಊರಿನಿಂದ ತಂದದ್ದು ಎರಡು ಪಾತ್ರೆ, ಒಂದು ಹಾಸಿಗೆ. ಆ ಹಾಸಿಗೆಯೊಳಗೆ ಮಡಚಿಟ್ಟಿದ್ದ ಒಂದು ಬಿಳಿ ಬಟ್ಟೆಯ ತುಂಡು. ತಮ್ಮ ಮನೆಯ ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದ ಬಟ್ಟೆ. ರೈಲು ಇಳಿದು, ಒಲೆ ಹೂಡಿ, ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಆ ಬಟ್ಟೆಯನ್ನು ಅದರೊಳಗೆ ಬಿಟ್ಟರಂತೆ. ಬೆಳಗಾಗುವಾಗ ಇಲ್ಲಿಯ ಹಾಲು ಅಲ್ಲಿಯ ಮೊಸರಾಗಿತ್ತು. ತಾಯಿ ಟೀಚರ ಮದುವೆಗೂ ಮುಂಚೆಯೇ ತೀರಿಕೊಂಡಿದ್ದರು. ಫೋಟೋ ಇರಲಿಲ್ಲ. ಊರಿನಲ್ಲಿ ಯಾರೂ ಉಳಿದಿರಲಿಲ್ಲ.

"ಅಮ್ಮನ ಮುಖ ಸರಿಯಾಗಿ ಜ್ಞಾಪಕ ಇಲ್ಲ ನಂಗೆ" ಎಂದರು. "ಕೈ ರುಚಿ ಮಾತ್ರ ಇದ್ರಲ್ಲಿದೆ."

ಮಕ್ಕಳಿಗೆ ಅದೆಲ್ಲ ಅರ್ಥವಾಗುವ ಮಾತಲ್ಲ. ನನಗೆ ಒಂದೇ ಚಿಂತೆ. "ಹಂಗಾದ್ರೆ ನಾವು ವಾಪಸ್ ಯಾವಾಗ ಕೊಡ್ಬೇಕು ಟೀಚರ್?"

"ನಾನು ಕೇಳ್ದಾಗ. ಅಲ್ಲೀತನಕ ನಿಮ್ಮನೇಲೇ ಇರ್ಲಿ."

ಕಾರ್ಖಾನೆಯ ಸೈರನ್ನಿನ ಕೂಗು ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು ಎಂದು ಅಪ್ಪ ಹೇಳುತ್ತಿದ್ದ. ನಿವೃತ್ತರಾದವರು ಒಬ್ಬೊಬ್ಬರಾಗಿ ಮನೆ ಬಿಟ್ಟರು. ತೆಲುಗು ಅತ್ತೆಯವರು ತಮ್ಮ ಊರಿಗೆ ಹೋದರು, ಚಾಚಿ ಮಗಳ ಮನೆಗೆ. ನಾನು ಮದುವೆಯಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದೆ. ಹೊರಡುವ ದಿನ ಅಮ್ಮ ಸೀರೆ, ಪಾತ್ರೆಗಳ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪನ್ನೂ ಇಟ್ಟು, ಬಸ್ಸಿನಲ್ಲಿ ತುಳುಕದ ಹಾಗೆ ಮಡಿಲಲ್ಲೇ ಇಟ್ಟುಕೋ ಎಂದಿದ್ದಳು. ಹೊಸ ಮದುಮಗಳು ಮೊಸರಿನ ಡಬ್ಬಿ ತಬ್ಬಿಕೊಂಡು ಬಸ್ಸಿಳಿದದ್ದನ್ನು ಯಜಮಾನರ ಕಡೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕೆಲವು ವರ್ಷಗಳ ಮೇಲೆ ಅಮ್ಮ ತೀರಿಕೊಂಡಳು. ಆ ಮನೆಯ ಮೊಸರು ಅಲ್ಲಿಗೇ ನಿಂತಿತು.

ಟೀಚರೂ ಶಿವಮೊಗ್ಗಕ್ಕೆ ಬಂದು ರಾಗಿಗುಡ್ಡದ ಕಡೆ ಬಾಡಿಗೆ ಮನೆ ಮಾಡಿದ್ದಾರೆ ಎಂದು ಕೇಳಿದ್ದೆ. ಹೋಗಬೇಕು ಹೋಗಬೇಕು ಎನ್ನುತ್ತಲೇ ದಿನ ಕಳೆದವು. ಒಂದು ಸಂಜೆ ಅವರೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೀರೆಗೆ ಇಸ್ತ್ರಿ ಇತ್ತು. ಕೈಯಲ್ಲಿ ಒಂದು ಪುಟ್ಟ ಡಬ್ಬಿ.

"ಮೇ ಐ ಬಾರೋ ಸಮ್ ಹೆಪ್ಪು?" ಎಂದರು.

ನನಗೆ ಮೊದಲು ನಗು ಬಂತು. ಅವರ ಮುಖ ನೋಡಿದ ಮೇಲೆ ನಗು ನಿಂತಿತು. ಅವರ ಯಜಮಾನರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದರು. ಟೀಚರ್ ಅವರ ಮಂಚದ ಪಕ್ಕದಲ್ಲೇ ಇದ್ದುಬಿಟ್ಟಿದ್ದರು. ಎಲ್ಲ ಮುಗಿದು ಮನೆಗೆ ಬಂದು ನೋಡಿದರೆ ಪಾತ್ರೆಯಲ್ಲಿ ಮೊಸರಿರಲಿಲ್ಲ, ಬೂಷ್ಟು ಇತ್ತು. ಜೀವಮಾನದಲ್ಲಿ ಯಾರ ಮನೆಯಲ್ಲೂ ಏನೂ ಕೇಳದವರು, ವಿಳಾಸ ಹುಡುಕಿಕೊಂಡು ಸಿಟಿ ಬಸ್ಸು ಹತ್ತಿ ಬಂದಿದ್ದರು.

ನಾನು ಒಳಗೆ ಓಡಿದೆ. ಆದರೆ ದೇವರ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿಯಾಗಿತ್ತು. ನಮ್ಮತ್ತೆ ಆಗ ಇದ್ದರು, ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು ಆಚೆ ಹೋದರೆ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆ ಎನ್ನುವವರು. ನನ್ನ ಕೈಯಲ್ಲಿ ಪಾತ್ರೆ ನೋಡಿ ಅಡ್ಡ ನಿಂತರು. ನನಗೆ ಅವಮಾನವಾಯಿತು. ಟೀಚರೇ ಬಾಗಿಲಿನಿಂದ, "ಪರ್ವಾಗಿಲ್ಲ, ನಮ್ ಕಡೇನೂ ಹಾಗೇ. ಬಸ್ಸು ಲೇಟಾಯ್ತು. ನಾಳೆ ಬರ್ತೀನಿ" ಎಂದು ಚಪ್ಪಲಿ ಮೆಟ್ಟತೊಡಗಿದರು.

ಅತ್ತೆ ಅವರನ್ನೊಮ್ಮೆ, ಆ ಡಬ್ಬಿಯನ್ನೊಮ್ಮೆ ನೋಡಿದರು. "ಮೊಸರು ಆಚೆ ಹೋಗೋ ಹಾಗಿಲ್ಲ ನಿಜ. ಬಂದೋರು ಬರಿಗೈಲಿ ಹೋಗೋ ಹಾಗೂ ಇಲ್ಲ. ಒಳಗ್ ಬರ್ರಿ ಮಾರಾಯ್ತಿ. ಇವತ್ತು ಇಲ್ಲೇ ಉಳ್ಕೊಳ್ಳಿ. ಬೆಳಿಗ್ಗೆ ತಗೊಂಡು ಹೋದ್ರಾಯ್ತು" ಎಂದರು.

ಹಾಗೆ ಒಂದು ಚಮಚ ಹೆಪ್ಪಿಗಾಗಿ ಟೀಚರ್ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದರು. ಊಟಕ್ಕೆ ಸಾರು, ಪಲ್ಯ ಬಡಿಸಿದರೂ ಮುಟ್ಟಲಿಲ್ಲ. ಅನ್ನಕ್ಕೆ ಮೊಸರು ಹಾಕಿಸಿಕೊಂಡು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. "ಅಮ್ಮ" ಎಂದರು, ಅಷ್ಟೇ. ನಮ್ಮತ್ತೆ, ಯಾವತ್ತೂ ಕಣ್ಣಲ್ಲಿ ನೀರು ತರದವರು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಸೌಟು ಬಡಿಸಿದರು.

ಬೆಳಿಗ್ಗೆ ಡಬ್ಬಿ ತುಂಬಿಸಿ ಕಳಿಸಿದೆ. ಸ್ವಲ್ಪ ದಿನ ಬಿಟ್ಟು ಅದೇ ಡಬ್ಬಿಯಲ್ಲಿ ಗಟ್ಟಿ ಮೊಸರು ಹಿಡಿದು ಟೀಚರ್ ಮತ್ತೆ ಬಂದರು. ಈ ಸಲ ಬೆಳಗಿನ ಹೊತ್ತು. "ವಾಪಸ್ ಕೊಡೋಕೆ ಬಂದೆ" ಎಂದರು. "ಅಯ್ಯೋ ಟೀಚರ್, ಅದು ನಿಮ್ದೇ ಅಲ್ವಾ, ನಂಗ್ಯಾಕೆ ವಾಪಸ್ಸು?" ಎಂದರೆ, "ಹೇಳ್ಕೊಟ್ಟೋಳೇ ತಪ್ಪಿದ್ರೆ ಹೆಂಗೆ ಕಣ್ಣಾ? ತಗೊಂಡಿದ್ದನ್ನ ತಗೊಂಡ ಬಾಗಿಲಿಗೇ ತಂದು ಕೊಡ್ಬೇಕು" ಎಂದು ನನ್ನ ಪಾತ್ರೆಗೆ ಸುರಿದರು. ಆಮೇಲೆ ಅತ್ತೆಯ ಜೊತೆ ಕೂತು ಬಹಳ ಹೊತ್ತು ಮಾತಾಡಿದರು. ಅತ್ತೆ ಅವರಿಗೆ ಹಪ್ಪಳ ಕಟ್ಟಿಕೊಟ್ಟರು.

ಅಲ್ಲಿಂದ ಮುಂದೆ ನಾನು ರಾಗಿಗುಡ್ಡದ ಮನೆಗೆ ಆಗಾಗ ಹೋಗಿ ಬರತೊಡಗಿದೆ. ಕೊನೆಯ ಸಲ ಹೋದಾಗ ಟೀಚರ್ ಮಲಗಿದ್ದರು. ಅವರ ಯಜಮಾನರ ತಂಗಿಯ ಮಗಳೊಬ್ಬಳು ಬಂದು ನೋಡಿಕೊಳ್ಳುತ್ತಿದ್ದಳು. ಊಟ ಸೇರುತ್ತಿರಲಿಲ್ಲ, ಮಾತು ಮೆಲ್ಲಗಾಗಿತ್ತು. ಸೋಗಾನೆ ಏರ್‌ಪೋರ್ಟಿಗೆ ಇಳಿಯುವ ವಿಮಾನ ತಲೆಯ ಮೇಲೆ ಹಾದುಹೋದ ಸದ್ದಿನಲ್ಲಿ ನಾನು ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಅವರೇ ಕೇಳಿದರು, "ಹೆಪ್ಪು ಇದ್ಯಾ?"

"ಇದೆ ಟೀಚರ್."

"ಇರ್ಲಿ" ಎಂದು ಕಣ್ಣು ಮುಚ್ಚಿಕೊಂಡರು. ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ...

ಹೋದ ವರ್ಷ ಅವರು ಹೋದರು. ನಾನು ತಲುಪುವ ಹೊತ್ತಿಗೆ ಆ ಹುಡುಗಿ ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟಿದ್ದಳು. ಅವತ್ತು ನನಗೆ ಅದು ದೊಡ್ಡದಾಗಿ ಕಾಣಲಿಲ್ಲ. ನನ್ನ ಮನೆಯಲ್ಲಿ ಇದೆಯಲ್ಲ ಎನ್ನುವ ಧೈರ್ಯ. ಆಮೇಲೆ ದಿನಾ ಸಂಜೆ ಹಾಲಿಗೆ ಹೆಪ್ಪು ಹಾಕುವಾಗ ಸ್ವಲ್ಪ ಭಯ, ಸ್ವಲ್ಪ ಭಕ್ತಿ. ದೇವರಿಗೆ ದೀಪ ಮರೆತರೂ ಇದನ್ನು ಮರೆಯುತ್ತಿರಲಿಲ್ಲ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲೂ ಒಂದಿಷ್ಟು ಉಳಿಸಿ, ಮುಚ್ಚಳ ಮುಚ್ಚಿ, ಫ್ರಿಜ್ಜಿನ ಹಿಂದುಗಡೆ ಇಟ್ಟು ಹೋಗಿದ್ದೆ. ಅದು ಮೊಸರು ಎಂದಷ್ಟೇ ನಮ್ಮ ಯಜಮಾನರಿಗೆ ಗೊತ್ತಿದ್ದದ್ದು.

ಅಳು ನಿಂತ ಮೇಲೆ ನನಗೆ ಮೇಲಿನ ಮನೆಯ ಹುಡುಗಿಯ ನೆನಪಾಯಿತು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ. ಹೊಸದಾಗಿ ಬಾಡಿಗೆಗೆ ಬಂದಾಗ ನಾನೇ ಕರೆದು ಹೆಪ್ಪು ಕೊಟ್ಟಿದ್ದೆ. ಯಜಮಾನರು ಬೇಡವೆಂದರೂ ಕೇಳದೆ ಮರುದಿನ ಬೆಳಿಗ್ಗೆ ಬಟ್ಟಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದೆ.

"ಅಯ್ಯೋ ಆಂಟಿ, ಕರೆದಿದ್ರೆ ನಾನೇ ಬರ್ತಿದ್ನಲ್ಲಾ! ಅದು ಯಾವತ್ತೋ ಮುಗ್ದೋಯ್ತು. ಹಾಕೋಕೆ ಟೈಮೇ ಇರಲ್ಲ, ಈಗ ಪ್ಯಾಕೆಟ್ಟೇ. ಅದ್ರಲ್ಲೇ ಸ್ವಲ್ಪ ಕೊಡ್ಲಾ?"

ಬೇಡ ಎನ್ನಲು ಆಗಲಿಲ್ಲ. ಅವಳು ಪ್ರೀತಿಯಿಂದ ಅರ್ಧ ಬಟ್ಟಲಷ್ಟು ಹಾಕಿದಳು. ಇಳಿಯುವಾಗ ಕೈ ಹಿಡಿದು ಕೆಳಗಿನವರೆಗೂ ಬಿಟ್ಟುಹೋದಳು. ಸಂಜೆ ಹಾಲು ಕಾಯಿಸಿ, ಬೆರಳದ್ದಿ ನೋಡಿ, ಹೆಪ್ಪು ಹಾಕಿದೆ. ಕೈ ಅದೇ, ಪಾತ್ರೆ ಅದೇ. ಬೆಳಿಗ್ಗೆ ಮೊಸರು ಚೆನ್ನಾಗಿಯೇ ಕೂತಿತ್ತು. ಯಜಮಾನರು ಊಟದಲ್ಲಿ ಎರಡು ಸಲ ಹಾಕಿಸಿಕೊಂಡು, "ನೋಡಿದ್ಯಾ, ಏನೂ ವ್ಯತ್ಯಾಸ ಇಲ್ಲ" ಎಂದರು. ನಾನು ಬಾಯಿಗಿಟ್ಟು ಕಾದೆ. ನಾಲಿಗೆಯ ತುದಿಯಲ್ಲಿ ಏನೂ ಉಳಿಯಲಿಲ್ಲ. ಒಬ್ಬ ತಾಯಿ ಬಟ್ಟೆಯ ತುಂಡಿನಲ್ಲಿ ಅಷ್ಟು ದೂರದಿಂದ ಹೊತ್ತು ತಂದದ್ದು ನಮ್ಮ ಮನೆಯ ಸಿಂಕಿನಲ್ಲಿ ಮುಗಿದುಹೋಯಿತು. ಇನ್ನು ಟೀಚರ್ ಬಂದು ಕೇಳುವುದಿಲ್ಲ. ಕೇಳಿದರೂ ಕೊಡಲು ನನ್ನ ಹತ್ತಿರ ಇಲ್ಲ.

ಮಧ್ಯಾಹ್ನ, ದೀಪ ಹಚ್ಚಲು ಇನ್ನೂ ಬಹಳ ಹೊತ್ತಿರುವಾಗಲೇ, ಆ ಮೊಸರನ್ನೇ ಒಂದು ಬಟ್ಟಲಿಗೆ ಹಾಕಿಕೊಂಡು ಮತ್ತೆ ಮೆಟ್ಟಿಲು ಹತ್ತಿದೆ. ಭಾನುವಾರವಾದ್ದರಿಂದ ಹುಡುಗಿ ಮನೆಯಲ್ಲಿದ್ದಳು. ಬಟ್ಟಲು ನೋಡಿ ಕಣ್ಣರಳಿಸಿದಳು.

"ಏನಾಂಟಿ ಇದು! ಒಂದ್ ಚೂರು ಮೊಸರನ್ನ ಯಾರಾದ್ರೂ ವಾಪಸ್ ಕೊಡ್ತಾರಾ?"

"ಕೊಡ್ತಾರೆ ಕಣಮ್ಮ" ಎಂದೆ. "ನಮ್ಮ ಟೀಚರ್ ಒಬ್ರು ಕೊಟ್ಟಿದ್ರು."

ಅವರ ಬಗ್ಗೆ ಇನ್ನೂ ಹೇಳಬೇಕೆಂದಿದ್ದೆ. ಬಟ್ಟಲು ಅವಳ ಕೈಗಿಟ್ಟು ಇಳಿದು ಬಂದೆ.